ಮೂರನೇ ತರಗತಿಯ ಮಗು ಪಂಚಾಯಿತಿಯನ್ನು ಪ್ರಶ್ನೆ ಕೇಳಬಹುದೇ?

ಪ್ರಶ್ನೆ: ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದಿದ್ದಾರೆ. "ನನ್ನ ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ನಾಲ್ಕನೇ ತರಗತಿ. ಕಳೆದ ವರ್ಷ ಪಂಚಾಯಿತಿಯವರು ಕರೆದ ಮಕ್ಕಳ ಗ್ರಾಮ ಸಭೆಯಲ್ಲಿ ಅವಳು ಎದ್ದು ನಿಂತು, ಶಾಲೆಯ ಗೇಟಿನ ಮುಂದೆ ಚರಂಡಿ ನೀರು ನಿಲ್ಲುತ್ತದೆ, ಯಾವಾಗ ಸರಿ ಮಾಡಿಸುತ್ತೀರಿ ಎಂದು ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ದಿನದ ಮೇಲೆ ನಮ್ಮ ಬೀದಿಯ ಪಂಚಾಯಿತಿ ಸದಸ್ಯರು ನನ್ನ ಯಜಮಾನರನ್ನು ಅಂಗಡಿಯ ಹತ್ತಿರ ನಿಲ್ಲಿಸಿ, ಮಗುವಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. ಓದುವ ಮಕ್ಕಳಿಗೆ ಊರ ಉಸಾಬರಿ ಬೇಡ ಎಂದು ನಮ್ಮ ಮಾವನವರು ಅಂದಿನಿಂದ ಹೇಳುತ್ತಿದ್ದಾರೆ. ಚರಂಡಿ ಹಾಗೆಯೇ ಇದೆ. ಮಗಳು ಒಂದೆರಡು ಸಲ ವಿಚಾರಿಸಿ ಸುಮ್ಮನಾದಳು. ನಾನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ. ಈ ವರ್ಷದ ಸಭೆಗೆ ಮಕ್ಕಳನ್ನು ಸಿದ್ಧಗೊಳಿಸಲು ಹೆಡ್‌ಮಾಸ್ಟರ್ ನನ್ನ ಸಹಾಯ ಕೇಳಿದ್ದಾರೆ. ಇಷ್ಟು ಚಿಕ್ಕ ಮಕ್ಕಳನ್ನು ಇದಕ್ಕೆ ಎಳೆಯುವುದು ಸರಿಯೇ? ಓದು ಹಾಳಾಗುವುದಿಲ್ಲವೇ? ಮಾಡಲೇಬೇಕೆಂದರೆ ಹೇಗೆ ಮಾಡಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ: ವಯಸ್ಸು ಸಾಲದೇನೋ ಎಂಬುದು, ಓದಿಗೆ ಪೆಟ್ಟು ಬೀಳಬಹುದೆಂಬುದು, ಊರಿನಲ್ಲಿ ಮನಸ್ತಾಪ ಬೆಳೆಯಬಹುದೆಂಬುದು. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿರುವ ಸಂಗತಿ: ಮಗಳು ಒಂದೆರಡು ಸಲ ವಿಚಾರಿಸಿ ಸುಮ್ಮನಾದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ಶಿಕ್ಷಕರಿಗೂ ಎಸ್‌ಡಿಎಂಸಿ ಸದಸ್ಯರಿಗೂ ತರಬೇತಿ ಕೊಟ್ಟ ಅನುಭವದಲ್ಲಿ ಹೇಳುವುದಾದರೆ, ಸಭೆಯಲ್ಲಿ ಮಾತನಾಡಿದ್ದರಿಂದ ಮಗುವಿಗೆ ತೊಂದರೆಯಾದದ್ದನ್ನು ನಾನು ಕಂಡದ್ದು ಕಡಿಮೆ. ಮಾತನಾಡಿದ ಮೇಲೆ ಯಾರೂ ಉತ್ತರ ಕೊಡದೆ ಹೋದದ್ದರಿಂದ ಮಗು ಮುದುಡಿಕೊಂಡದ್ದನ್ನು ಬಹಳ ಸಲ ಕಂಡಿದ್ದೇನೆ. ಆದ್ದರಿಂದ ಈ ವರ್ಷ ನೀವು ಮೊದಲು ಸಿದ್ಧಗೊಳಿಸಬೇಕಾದವರು ಮಕ್ಕಳಲ್ಲ, ಉತ್ತರ ಹೇಳಬೇಕಾದ ದೊಡ್ಡವರು.

ವಯಸ್ಸಿನ ಪ್ರಶ್ನೆಯನ್ನು ಮೊದಲು ನೋಡೋಣ. "ಇಂದಿನ ಮಕ್ಕಳೇ ನಾಳಿನ ಪ್ರಜೆಗಳು" ಎಂದು ಶಾಲೆಯ ಗೋಡೆಗಳ ಮೇಲೆ ನಾವೇ ಬರೆಸುತ್ತೇವೆ. ಕೇಳಲು ಹಿತವಾದ ಈ ಮಾತು ಪೂರ್ತಿ ನಿಜವಲ್ಲ. ಹದಿನೆಂಟಕ್ಕೆ ಬರುವುದು ಮತದಾನದ ಹಕ್ಕು ಮಾತ್ರ. ಅದೂ 1989ಕ್ಕೆ ಮೊದಲು ಇಪ್ಪತ್ತೊಂದಕ್ಕೆ ಬರುತ್ತಿತ್ತು. ಪೌರತ್ವಕ್ಕೆ ಹಾಗೆ ಕಾಯಬೇಕಾಗಿಲ್ಲ, ನಿಮ್ಮ ಮಗಳು ಈಗಲೇ ಈ ದೇಶದ ನಾಗರಿಕಳು, ಸಂವಿಧಾನದ 19ನೇ ವಿಧಿ ನಾಗರಿಕರಿಗೆ ವಾಕ್ ಸ್ವಾತಂತ್ರ್ಯ ಕೊಡುವಾಗ ವಯಸ್ಸನ್ನು ಕೇಳಿಲ್ಲ. ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯು, ತನ್ನದೇ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಪ್ರತಿ ಮಗುವಿಗೂ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ಹೇಳುವ ಹಕ್ಕಿದೆ ಎನ್ನುತ್ತದೆ, ಅದರ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕ ಮನ್ನಣೆ ಸಿಗಬೇಕು ಎನ್ನುತ್ತದೆ. ಕೇಳಿದ್ದೆಲ್ಲವನ್ನೂ ಕೊಡಬೇಕೆಂದು ಅದು ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೂ ಹೇಳಿಕೊಡಬೇಕು, ಸದಸ್ಯರಿಗೂ ನೆನಪಿಸಬೇಕು.

ಹಾಗೆಂದು ಎಲ್ಲ ವಯಸ್ಸಿನ ಮಕ್ಕಳನ್ನೂ ಒಂದೇ ರೀತಿ ತೊಡಗಿಸಲಾಗದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳು ಗೋಲಿಯಾಡುವುದನ್ನು ನೋಡುತ್ತ ಗುರುತಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆರೇಳು ವರ್ಷದ ಮಗುವಿಗೆ ಆಟದ ನಿಯಮವೆಂದರೆ ದೊಡ್ಡವರು ಕೊಟ್ಟದ್ದು, ಬದಲಿಸಲಾಗದ್ದು. ಹತ್ತು ವರ್ಷದ ಆಸುಪಾಸಿನಲ್ಲಿ, ಆಡುವವರೆಲ್ಲ ಒಪ್ಪಿದರೆ ನಿಯಮವನ್ನು ಬದಲಿಸಬಹುದು ಎಂಬ ಅರಿವು ಮೂಡುತ್ತದೆ. ನಮ್ಮ ಶಾಲೆಯ ಅಂಗಳಗಳಲ್ಲಿಯೂ ಇದನ್ನು ದಿನವೂ ನೋಡಬಹುದು. ಒಂದು, ಎರಡನೇ ತರಗತಿಯ ಮಕ್ಕಳಿಗೆ ಸರದಿ ಕಾಯುವುದು, ಬೇರೆಯವರ ಮಾತು ಮುಗಿಯುವವರೆಗೆ ಕೇಳುವುದು, ತರಗತಿಯ ಗಿಡಕ್ಕೆ ಯಾರು ಯಾವತ್ತು ನೀರು ಹಾಕಬೇಕೆಂದು ತೀರ್ಮಾನಿಸುವುದು, ಇಷ್ಟೇ ನಾಗರಿಕ ಶಿಕ್ಷಣದ ಪಾಠ, ಅಷ್ಟು ಸಾಕು. ನಾಲ್ಕನೇ ತರಗತಿಯಿಂದ ಮುಂದೆ "ಈ ನಿಯಮ ಯಾಕಿದೆ, ಯಾರು ಮಾಡಿದರು" ಎಂಬ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಅವು ಹುಟ್ಟುವ ಹೊತ್ತಿಗೇ ಅವುಗಳ ಬಾಯಿ ಮುಚ್ಚಿಸುವುದು ಒಳ್ಳೆಯದಲ್ಲ.

ಓದು ಹಾಳಾಗುತ್ತದೆ ಎಂಬ ಮಾತಿಗೆ ನನ್ನ ಕಣ್ಣೆದುರು ನಡೆದ ಒಂದು ಉದಾಹರಣೆ ಕೊಡುತ್ತೇನೆ. ನಾನು ಮಾರ್ಗದರ್ಶನ ಮಾಡುತ್ತಿದ್ದ ಶಾಲೆಯೊಂದರಲ್ಲಿ ಊಟಕ್ಕೆ ಮುಂಚೆ ಕೈತೊಳೆಯುವ ನಲ್ಲಿಗಳು ಎತ್ತರದಲ್ಲಿದ್ದವು. ಚಿಕ್ಕ ಮಕ್ಕಳು ದೊಡ್ಡವರ ಕೈಯಿಂದ ನೀರು ಹಾಕಿಸಿಕೊಳ್ಳಬೇಕಾಗಿತ್ತು, ಇಲ್ಲವೇ ತೊಳೆಯದೆಯೇ ತಟ್ಟೆಯ ಮುಂದೆ ಕೂರುತ್ತಿದ್ದರು. ನಾಲ್ಕನೇ ತರಗತಿಯವರು ಟೇಪು ಹಿಡಿದು ನಲ್ಲಿಯ ಎತ್ತರ ಅಳೆದರು, ಒಂದರಿಂದ ಮೂರನೇ ತರಗತಿಯ ಎಲ್ಲರ ಕೈ ಎಷ್ಟು ಎತ್ತರಕ್ಕೆ ಮುಟ್ಟುತ್ತದೆಂದು ಗೋಡೆಯ ಮೇಲೆ ಗೆರೆ ಎಳೆದು ಬರೆದುಕೊಂಡರು, ಪಟ್ಟಿ ಮಾಡಿದರು, ಸರಾಸರಿ ತೆಗೆದರು, ಕಡೆಗೆ ಒಂದು ಪುಟದ ಮನವಿ ಬರೆದರು. ಅಳತೆ, ಸ್ತಂಭಾಲೇಖ, ಪತ್ರಲೇಖನ ಎಂದು ಪಠ್ಯಪುಸ್ತಕ ಬೇರೆ ಬೇರೆ ಪಾಠಗಳಲ್ಲಿ ಹೇಳುವುದನ್ನು ಅವರು ಒಂದೇ ವಾರದಲ್ಲಿ ಮಾಡಿದ್ದರು. ಖರ್ಚು ಕಡಿಮೆಯಾದ್ದರಿಂದ ಪಂಚಾಯಿತಿ ತಡಮಾಡದೆ ತಗ್ಗಿನಲ್ಲಿ ಇನ್ನೊಂದು ಸಾಲು ನಲ್ಲಿ ಹಾಕಿಸಿತು. ಓದು ಹಾಳಾಗುವುದು ಬೇರೆ ಕಾರಣಕ್ಕೆ: ಹದಿನೈದು ದಿನ ಪಾಠ ನಿಲ್ಲಿಸಿ ಜಾಥಾಕ್ಕೆ ಘೋಷಣೆ ಕಂಠಪಾಠ ಮಾಡಿಸಿದಾಗ, ಅತಿಥಿಗಳು ಬರುವವರೆಗೆ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿದಾಗ. ನಿಮ್ಮ ಮಾವನವರ ಆಕ್ಷೇಪಣೆ ಅಂಥವುಗಳ ಬಗ್ಗೆ ಇದ್ದರೆ ನಾನು ಅವರ ಕಡೆಗೇ ನಿಲ್ಲುತ್ತೇನೆ.

ಜಾಥಾದ ಮಾತು ಬಂದದ್ದರಿಂದ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಫಲಕ ಹಿಡಿದು ಬೀದಿ ಸುತ್ತಿದ ಮಕ್ಕಳು ಸಮುದಾಯದ ಕೆಲಸದಲ್ಲಿ ಭಾಗವಹಿಸಿದರು ಎಂದು ನಾವು ವರದಿ ಬರೆಯುತ್ತೇವೆ. ಮಕ್ಕಳ ಭಾಗವಹಿಸುವಿಕೆಯ ಬಗ್ಗೆ ಕೆಲಸ ಮಾಡಿದ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲುಗಳ ಒಂದು ಏಣಿಯನ್ನು ಚಿತ್ರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳಾದ ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕೂರಿಸುವುದು ಭಾಗವಹಿಸುವಿಕೆಯೇ ಅಲ್ಲವೆಂದು ಸ್ಪಷ್ಟವಾಗಿ ಹೇಳಿದರು. ನಮ್ಮಲ್ಲಿ ಆಗುವ ಬಹುಪಾಲು ಕಾರ್ಯಕ್ರಮಗಳು ಆ ಮೂರರಲ್ಲೇ ನಿಲ್ಲುತ್ತವೆ. ಇದರಲ್ಲಿ ನನ್ನ ಪಾಲೂ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಸಭೆಯೊಂದಕ್ಕೆ ಐದನೇ ತರಗತಿಯ ಹುಡುಗನಿಗೆ ನಾನೇ ಭಾಷಣ ಬರೆದುಕೊಟ್ಟೆ. ಕುಡಿಯುವ ನೀರಿನ ಬಗ್ಗೆ ಅವನು ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಅಧ್ಯಕ್ಷರು ಸಂತೋಷದಿಂದಲೇ "ಯಾವ ಬೀದಿಯಪ್ಪ, ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ" ಎಂದು ಕೇಳಿದರು. ಹುಡುಗ ತಿರುಗಿ ನನ್ನ ಮುಖ ನೋಡಿದ. ಅವನ ಮನೆಯಲ್ಲಿ ಕೊಳವೆಬಾವಿ ಇತ್ತು. ನೀರಿನ ತೊಂದರೆ ಅವನದಾಗಿರಲಿಲ್ಲ, ನನ್ನದಾಗಿತ್ತು.

ಈಗ ಸದಸ್ಯರ ಕೋಪಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ತೊಡಕಿನ ಬೇರು ಅಲ್ಲಿದೆ. ಮಕ್ಕಳ ಗ್ರಾಮ ಸಭೆ ಯಾರದೋ ಔದಾರ್ಯವಲ್ಲ. 1990ರ ದಶಕದಲ್ಲಿ ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯಿತಿಗಳು ನಡೆಸಿದ ಪ್ರಯೋಗಗಳ ಹಿನ್ನೆಲೆಯಲ್ಲಿ, ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳಿಗಾಗಿ ವಿಶೇಷ ಗ್ರಾಮ ಸಭೆ ಕರೆಯಬೇಕೆಂದು ರಾಜ್ಯ ಸರ್ಕಾರ 2006ರಲ್ಲಿ ಆದೇಶ ಹೊರಡಿಸಿತು. ಆದರೆ ಎಷ್ಟೋ ಕಡೆ ಅದು ನವೆಂಬರ್ ಬಂದಾಗ ಶಾಮಿಯಾನ ಹಾಕಿ, ಸಿಹಿ ಹಂಚಿ, ಫೋಟೊ ತೆಗೆದು ಮುಗಿಸುವ ಕಾರ್ಯಕ್ರಮವಾಗಿದೆ. ಹಾಗೆ ತಿಳಿದುಕೊಂಡು ಬಂದ ಸದಸ್ಯರು ಇಡೀ ಊರಿನ ಮುಂದೆ, ತಮಗೆ ಮೊದಲೇ ಗೊತ್ತಿಲ್ಲದ ಪ್ರಶ್ನೆಯನ್ನು ಎಂಟು ವರ್ಷದ ಮಗುವಿನ ಬಾಯಿಂದ ಕೇಳಿದಾಗ, ಅವರಿಗೆ ಚರಂಡಿಗಿಂತ ಮೊದಲು ಕಾಣುವುದು ತಮಗಾದ ಮುಖಭಂಗ. ಇದರ ಹಿಂದೆ ಎದುರಾಳಿಗಳು ಯಾರೋ ಇದ್ದಾರೆಂಬ ಅನುಮಾನ ಅದರ ಜೊತೆಗೇ ಬರುತ್ತದೆ. ಹಳ್ಳಿಯ ರಾಜಕೀಯ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ನಿಮ್ಮ ಯಜಮಾನರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದು ತಪ್ಪು. ಆದರೆ ಅದನ್ನು ಹಗೆತನವೆಂದು ಈಗಲೇ ತೀರ್ಮಾನಿಸಬೇಡಿ.

ಇನ್ನೊಂದು ಕಾರಣ ಸದಸ್ಯರ ಸ್ವಭಾವಕ್ಕೆ ಸಂಬಂಧಿಸಿದ್ದಲ್ಲ. ಮಕ್ಕಳು ಕೇಳುವ ಅರ್ಧದಷ್ಟು ಪ್ರಶ್ನೆಗಳಿಗೆ ಪಂಚಾಯಿತಿ ಉತ್ತರ ಕೊಡಲು ಸಾಧ್ಯವೇ ಇರುವುದಿಲ್ಲ. ಬೀದಿದೀಪ, ಕುಡಿಯುವ ನೀರು, ಊರೊಳಗಿನ ಚರಂಡಿ, ಕಸ ಇವು ಪಂಚಾಯಿತಿಯವು. ಶಾಲಾ ಕೊಠಡಿ ಸೋರಿದರೆ, ಶಿಕ್ಷಕರ ಕೊರತೆಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಬೇಕು. ಬಸ್ಸು ಹೊತ್ತಿಗೆ ಬರದಿದ್ದರೆ ಡಿಪೊಗೆ. ಮೈದಾನದ ಮೇಲೆ ವಿದ್ಯುತ್ ತಂತಿ ಜೋತುಬಿದ್ದಿದ್ದರೆ ಬೆಸ್ಕಾಂ ಶಾಖೆಗೆ. ಅಂಗನವಾಡಿಯ ವಿಷಯವಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ. ಶಾಲೆಯ ಹತ್ತಿರ ಮದ್ಯದಂಗಡಿ ಇದ್ದರೆ ಅಬಕಾರಿ ಇಲಾಖೆಗೆ. ನಿಮ್ಮ ಚರಂಡಿಯನ್ನೇ ತೆಗೆದುಕೊಳ್ಳಿ: ಗೇಟಿನ ಮುಂದಿನ ರಸ್ತೆ ಪಂಚಾಯಿತಿಯದಾಗಿದ್ದರೆ ಒಂದು ದಾರಿ, ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯಿತಿಯದೋ ಆಗಿದ್ದರೆ ಇನ್ನೊಂದು ದಾರಿ. ಬಹುಶಃ ಸದಸ್ಯರಿಗೂ ಅದು ತಮ್ಮ ಕೈಯಲ್ಲಿಲ್ಲವೆಂದು ಗೊತ್ತಿದ್ದು, ಸಭೆಯಲ್ಲಿ ಹಾಗೆಂದು ಹೇಳಲು ಸಂಕೋಚವಾಗಿರಬಹುದು. ಯಾವ ಕೆಲಸ ಯಾರದು ಎಂಬುದನ್ನು ಮಕ್ಕಳೇ ಹುಡುಕುವುದು ನಾಗರಿಕ ಶಿಕ್ಷಣದಲ್ಲಿ ಅತ್ಯಂತ ಬೆಲೆಯುಳ್ಳ ಪಾಠವೆಂದು ನಾನು ಭಾವಿಸಿದ್ದೇನೆ. ನೀರಗಂಟಿಯನ್ನು, ಕರ ವಸೂಲಿಗಾರರನ್ನು, ಗ್ರಂಥಾಲಯ ಮೇಲ್ವಿಚಾರಕರನ್ನು ತರಗತಿಗೆ ಕರೆಸಿ ಅರ್ಧ ಗಂಟೆ ಮಾತನಾಡಿಸಿದರೆ, ಪಠ್ಯದಲ್ಲಿ "ಸ್ಥಳೀಯ ಸರ್ಕಾರ" ಎಂಬ ತಲೆಬರಹದಡಿ ಇರುವುದೆಲ್ಲ ಮಕ್ಕಳಿಗೆ ಮುಖ ಇರುವ ಮನುಷ್ಯರಾಗಿ ಕಾಣುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅಪಾಯ ಕಡಿಮೆ ಇರುವುದರಿಂದ ಆರಂಭಿಸುತ್ತೇನೆ. ತರಗತಿಯೊಳಗೆ ವಾರಕ್ಕೊಮ್ಮೆ, ಶನಿವಾರದ ಬೆಳಗಿನ ಶಾಲೆಯಲ್ಲಿ ಇಪ್ಪತ್ತು ನಿಮಿಷದ ಸಭೆ. ಮಕ್ಕಳೇ ಸರದಿಯಂತೆ ನಡೆಸಬೇಕು, ಒಬ್ಬರು ನಡಾವಳಿ ಬರೆಯಬೇಕು, ಹಿಂದಿನ ವಾರದ ತೀರ್ಮಾನ ಏನಾಯಿತೆಂಬುದನ್ನು ಓದಿಯೇ ಹೊಸ ವಿಷಯಕ್ಕೆ ಹೋಗಬೇಕು. ಇಲ್ಲಿನ ಅಪಾಯ ಒಂದೇ, ಶಿಕ್ಷಕರು ಅದನ್ನು ದೂರು ಹೇಳುವ ಮತ್ತು ಶಿಕ್ಷೆ ವಿಧಿಸುವ ಹೊತ್ತಾಗಿ ಮಾಡಿಬಿಡುವುದು. ಹೆಸರು ಹಿಡಿದು ದೂರುವಂತಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಂಡರೆ ಅದು ತಪ್ಪುತ್ತದೆ.

ಶಾಲಾ ಸಂಸತ್ತು ಈಗ ಎಲ್ಲ ಕಡೆಯೂ ಇದೆ. ಮೊಬೈಲಿನಲ್ಲಿ ಮತಯಂತ್ರ, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲವೂ ಚೆಂದವಾಗಿ ನಡೆಯುತ್ತವೆ. ಮಕ್ಕಳಿಗೂ ಅದು ಹಬ್ಬ. ಆಮೇಲೆ ವರ್ಷವಿಡೀ ಆಹಾರ ಮಂತ್ರಿಗೆ ತಟ್ಟೆ ಎಣಿಸುವುದನ್ನು ಬಿಟ್ಟು ಕೆಲಸವಿರುವುದಿಲ್ಲ, ಸ್ವಚ್ಛತಾ ಮಂತ್ರಿ ಪೊರಕೆ ಹಿಡಿದಿರುತ್ತಾನೆ. ನಿಜವಾಗಿ ತೀರ್ಮಾನಿಸಬಹುದಾದ ಒಂದೆರಡು ವಿಷಯಗಳನ್ನು ಸಂಸತ್ತಿಗೆ ಬಿಟ್ಟುಕೊಡಿ. ಕ್ರೀಡಾ ಸಾಮಗ್ರಿ ಕೊಳ್ಳುವ ಹಣದಲ್ಲಿ ಒಂದು ಭಾಗಕ್ಕೆ ಏನು ತರಬೇಕು, ಮೈದಾನ ಯಾವ ದಿನ ಹುಡುಗಿಯರಿಗೆ, ಯಾವ ದಿನ ಚಿಕ್ಕವರಿಗೆ, ಇಂಥವು ಸಾಕು. ಮಕ್ಕಳು ತಪ್ಪು ತೀರ್ಮಾನ ಮಾಡುತ್ತಾರೆ, ಒಂದೇ ವಾರದಲ್ಲಿ ಹರಿದುಹೋಗುವ ಚೆಂಡನ್ನೇ ತರುತ್ತಾರೆ. ಆ ತಪ್ಪಿಗೆ ನಾವು ಜಾಗ ಬಿಡದಿದ್ದರೆ ಚುನಾವಣೆ ಮಾಡಿ ಪ್ರಯೋಜನವಿಲ್ಲ. ಜೋರಾಗಿ ಮಾತನಾಡುವ, ಮೇಲ್ಜಾತಿಯ, ಹುಡುಗರೇ ಪ್ರತಿ ವರ್ಷ ಗೆಲ್ಲುತ್ತಿದ್ದಾರೆಯೇ ಎಂಬುದನ್ನು ಮಾತ್ರ ಹೆಡ್‌ಮಾಸ್ಟರ್ ಕಣ್ಣಿಟ್ಟು ನೋಡಬೇಕು. ಹಾಗಾಗುತ್ತಿದ್ದರೆ ಕೆಲವು ಸ್ಥಾನಗಳನ್ನು ಚೀಟಿ ಎತ್ತಿ ತುಂಬುವುದು ಒಳ್ಳೆಯ ಉಪಾಯ.

ಶ್ರಮದಾನದ ಬಗ್ಗೆ ನೀವು ಕೇಳಿಲ್ಲ, ಆದರೂ ಎಸ್‌ಡಿಎಂಸಿಯಲ್ಲಿ ಇರುವುದರಿಂದ ಹೇಳಲೇಬೇಕು. ಸಮುದಾಯ ಸೇವೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸ್ವಚ್ಛತೆ. ತಾವು ಕೂರುವ ತರಗತಿಯನ್ನು ಎಲ್ಲ ಮಕ್ಕಳೂ ಸರದಿಯಂತೆ ಗುಡಿಸುವುದು, ಶಿಕ್ಷಕರೂ ಅದರಲ್ಲಿ ಕೈಜೋಡಿಸುವುದು ಒಳ್ಳೆಯದೇ. ಶೌಚಾಲಯ, ಚರಂಡಿ, ಗುಂಡಿ ಇವುಗಳಿಗೆ ಮಕ್ಕಳನ್ನು ಹಚ್ಚುವುದು ಸೇವೆಯಲ್ಲ, ಅಪರಾಧ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಇಡೀ ರಾಜ್ಯವನ್ನು ತಲೆತಗ್ಗಿಸುವಂತೆ ಮಾಡಿತು, ಸಂಬಂಧಪಟ್ಟವರ ಬಂಧನವೂ ಆಯಿತು. ಯಾವ ಕೆಲಸಕ್ಕೆ ಯಾವ ಮನೆಯ ಮಕ್ಕಳನ್ನು ಕರೆಯಲಾಗುತ್ತಿದೆ ಎಂದು ನೋಡಿದರೆ ಶಾಲೆ ಕಲಿಸುತ್ತಿರುವುದು ಏನೆಂಬುದು ತಿಳಿಯುತ್ತದೆ. ನಿಮ್ಮ ಗೇಟಿನ ಮುಂದಿನ ಚರಂಡಿಯನ್ನು "ನಾವೇ ಮಕ್ಕಳಿಂದ ಮಾಡಿಸಿಬಿಡೋಣ" ಎಂದು ಯಾರಾದರೂ ಉತ್ಸಾಹದಿಂದ ಹೇಳಿದರೆ, ಸಭೆಯಲ್ಲೇ ಬೇಡವೆನ್ನಿ.

ಮೂರನೆಯದು ಊರಿನ ನಕ್ಷೆ. ಮಕ್ಕಳು ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ತಮ್ಮ ಊರನ್ನು ಬರೆದು, ದೀಪವಿಲ್ಲದ ಕಡೆ, ನಾಯಿಗಳ ಕಾಟ ಇರುವ ಕಡೆ, ನೀರು ನಿಲ್ಲುವ ಕಡೆ, ತಮಗೆ ಇಷ್ಟದ ಜಾಗ, ಹೆದರಿಕೆಯ ಜಾಗ ಇವುಗಳನ್ನು ಕಲ್ಲಿಟ್ಟು ಗುರುತಿಸುತ್ತಾರೆ. ದೊಡ್ಡವರಿಗೆ ಕಾಣದ ಎಷ್ಟೋ ಸಂಗತಿಗಳು ಅದರಲ್ಲಿ ಬರುತ್ತವೆ. ಪರಿಶೀಲನೆಗೆ ಊರೊಳಗೆ ಹೋಗುವುದಾದರೆ ಪೋಷಕರ ಒಪ್ಪಿಗೆ, ಜೊತೆಗೆ ಇಬ್ಬರು ದೊಡ್ಡವರು ಬೇಕೇ ಬೇಕು. ಕೆರೆಯ ದಂಡೆ, ಹೆದ್ದಾರಿ ಬೇಡ, ಮಕ್ಕಳ ಫೋಟೊಗಳನ್ನು ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದೂ ಬೇಡ. ಹೆದರಿಕೆಯ ಜಾಗ ಎಂದು ಒಂದು ಮಗು ಯಾರದೋ ಮನೆಯನ್ನೋ ತನ್ನದೇ ಮನೆಯನ್ನೋ ತೋರಿಸಿದರೆ, ಅಲ್ಲಿ ಕೆದಕಬೇಡಿ. ಕುಡಿದು ಹೊಡೆಯುವ ತಂದೆ, ಗೊತ್ತುಮಾಡಿರುವ ಬಾಲ್ಯವಿವಾಹ, ಕೆಟ್ಟದಾಗಿ ಮುಟ್ಟುವವರು, ಇಂಥವನ್ನು ಸಭೆಯ ಮೈಕಿನ ಮುಂದೆ ಯಾವ ಮಗುವಿನಿಂದಲೂ ಹೇಳಿಸಬಾರದು. ಶಿಕ್ಷಕರೊಬ್ಬರು ಒಂಟಿಯಾಗಿ ಕೇಳಿಸಿಕೊಂಡು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಸರಿಯಾದ ಕ್ರಮ.

ಕೊನೆಯದು ಮಕ್ಕಳ ಗ್ರಾಮ ಸಭೆ. ಅದಕ್ಕೆ ಒಂದು ತಿಂಗಳು ಮೊದಲು ಹೆಡ್‌ಮಾಸ್ಟರ್ ಮತ್ತು ನೀವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ಅಧ್ಯಕ್ಷರನ್ನೂ ಕಂಡು ಒಂದು ಮಾತು ಕೊಟ್ಟು, ಒಂದು ಮಾತು ಪಡೆದುಕೊಳ್ಳಿ. ಮಕ್ಕಳ ಪ್ರಶ್ನೆಗಳನ್ನು ಹದಿನೈದು ದಿನ ಮುಂಚಿತವಾಗಿ ಬರಹದಲ್ಲಿ ಕೊಡುತ್ತೇವೆ, ಯಾರಿಗೂ ಮುಜುಗರ ಮಾಡುವ ಉದ್ದೇಶವಿಲ್ಲ. ಅದಕ್ಕೆ ಪ್ರತಿಯಾಗಿ ಪ್ರತಿ ಪ್ರಶ್ನೆಗೂ ಆಗುತ್ತದೆ, ಆಗುವುದಿಲ್ಲ, ನಮ್ಮದಲ್ಲ ಎಂಬ ಮೂರರಲ್ಲಿ ಒಂದು ಉತ್ತರವನ್ನು ಕಾರಣ ಸಮೇತ ಹೇಳಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. "ಪ್ರಶ್ನೆ ಮೊದಲೇ ಕೊಟ್ಟರೆ ತಿದ್ದಿಬಿಡುತ್ತಾರೆ" ಎಂದು ಕೆಲವು ಕಾರ್ಯಕರ್ತ ಮಿತ್ರರು ಇದನ್ನು ಒಪ್ಪುವುದಿಲ್ಲ. ಆ ಅಪಾಯ ಇದೆ. ಪ್ರಶ್ನೆಗಳ ಒಂದು ಪ್ರತಿಗೆ ಪಂಚಾಯಿತಿಯ ಸ್ವೀಕೃತಿ ಮುದ್ರೆ ಹಾಕಿಸಿ ಶಾಲೆಯಲ್ಲಿ ಇಟ್ಟುಕೊಂಡರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಪ್ರಶ್ನೆ ಐದನ್ನು ಮೀರದಿರಲಿ. "ನಾಲ್ಕನೇ ತರಗತಿಯ ಮಕ್ಕಳು" ಎಂಬ ಹೆಸರಿನಲ್ಲೇ ಹೋಗಲಿ, ಓದುವವರು ಬೇರೆ ಬೇರೆ ಮಕ್ಕಳಾಗಿರಲಿ. ಆಗ ಅಂಗಡಿಯ ಹತ್ತಿರ ಯಾರ ತಂದೆಯನ್ನೂ ನಿಲ್ಲಿಸಿ ಕೇಳುವಂತಿರುವುದಿಲ್ಲ. ಸಭೆಯಾದ ಮೂರು ತಿಂಗಳಿಗೆ ಪಂಚಾಯಿತಿಯಿಂದ ಒಬ್ಬರು ಶಾಲೆಗೆ ಬಂದು, ಏನಾಯಿತು, ಏನಾಗಲಿಲ್ಲ ಎಂದು ಹತ್ತು ನಿಮಿಷ ಹೇಳಿ ಹೋಗುವಂತೆ ಈಗಲೇ ದಿನ ಗೊತ್ತುಮಾಡಿಸಿ. ಇದಕ್ಕೆ ಒಪ್ಪದ ಪಂಚಾಯಿತಿಯಾದರೆ, ಈ ವರ್ಷ ನಿಮ್ಮ ಶಾಲೆಯ ಚಿಕ್ಕ ಮಕ್ಕಳು ಸಭೆಯಲ್ಲಿ ಮಾತನಾಡದೆ ಕೇಳುಗರಾಗಿ ಕೂರುವುದೇ ಮೇಲು. ಆರು, ಏಳನೇ ತರಗತಿಯವರು ಮಾತನಾಡಲಿ.

ಮನೆಯ ಮಾತಿಗೆ ಬಂದರೆ, ಮಾವನವರೊಂದಿಗೆ ವಾದಕ್ಕೆ ಇಳಿಯಬೇಡಿ. ಆ ಗೇಟಿನ ಮುಂದೆ ಮೊದಲು ನೀರು ಎತ್ತ ಹರಿಯುತ್ತಿತ್ತು, ಯಾವಾಗಿನಿಂದ ನಿಲ್ಲತೊಡಗಿತು ಎಂಬುದನ್ನು ತಾತನನ್ನೇ ಕೇಳಿ ಬರೆದುಕೊಳ್ಳುವಂತೆ ಮೊಮ್ಮಗಳಿಗೆ ಹೇಳಿ. ಊರಿನ ಇಳಿಜಾರು ಬಲ್ಲವರು ಹಿರಿಯರೇ. ಹಳೆಯ ಕಾಲುವೆ ಮುಚ್ಚಿಹೋಗಿ, ಅದರ ಮೇಲೆ ರಸ್ತೆ ಎತ್ತರಿಸಿದ್ದರಿಂದ ಶಾಲೆಗಳ ಮುಂದೆ ನೀರು ನಿಂತದ್ದನ್ನು ನಾನು ಬೇರೆ ಊರುಗಳಲ್ಲಿ ನೋಡಿದ್ದೇನೆ. ಅವರು ಕೊಡುವ ಮಾಹಿತಿ ನಿಮ್ಮ ಮನವಿಯ ಮುಖ್ಯ ಅಂಶವೇ ಆಗಬಹುದು.

ಮಗಳಿಗೆ ಕಳೆದ ವರ್ಷದ ಉತ್ತರವನ್ನು ಈಗಲಾದರೂ ಕೊಡಿಸಬೇಕು. ಅವಳು ಆ ದಿನ ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಪಂಚಾಯಿತಿ ಕಚೇರಿಯಲ್ಲಿ ನೋಡಿ. ರಸ್ತೆ ಯಾರದೆಂದು ಪಿಡಿಒ ಅವರಿಂದ ತಿಳಿದುಕೊಳ್ಳಿ. ಎಸ್‌ಡಿಎಂಸಿಯಿಂದ ಒಂದು ಠರಾವು ಮಾಡಿಸಿ ಸಂಬಂಧಪಟ್ಟ ಕಚೇರಿಗೆ ಕಳುಹಿಸಿ. ಹೋಗುವಾಗ ಸಾಧ್ಯವಾದರೆ ಅವಳನ್ನೂ ಕರೆದುಕೊಂಡು ಹೋಗಿ. ಸದಸ್ಯರು ಅಲ್ಲಿ ಸಿಕ್ಕರೆ ಮಗಳು ನಮಸ್ಕಾರ ಹೇಳಲಿ, ನೀವು ವಿಷಯ ಹೇಳಿ. ಕೆಲಸ ಈ ಮಳೆಗಾಲದೊಳಗೆ ಆಗುವುದಿಲ್ಲವೆಂದು ತಿಳಿದರೆ ಅದನ್ನೂ ಮುಚ್ಚಿಡದೆ, ಏಕೆ ಆಗುವುದಿಲ್ಲವೆಂಬ ಕಾರಣದೊಂದಿಗೆ ಅವಳಿಗೆ ಹೇಳಿ. ಆ ವಯಸ್ಸಿನ ಮಕ್ಕಳು ಇಲ್ಲ ಎಂಬ ಮಾತನ್ನು ನಾವು ಎಣಿಸುವುದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ. ಈ ಸಲದ ಸಭೆಯಲ್ಲಿ ಮಾತನಾಡುತ್ತೀಯಾ ಎಂದು ಒಂದು ಸಲ ಮಾತ್ರ ಕೇಳಿ. ಬೇಡವೆಂದರೆ ಒತ್ತಾಯಿಸಬೇಡಿ, ಉತ್ತರಗಳನ್ನು ಬರೆದುಕೊಳ್ಳುವ ಕೆಲಸ ಯಾರಾದರೊಬ್ಬರು ಮಾಡಲೇಬೇಕಲ್ಲ, ಅದನ್ನು ಅವಳಿಗೆ ಒಪ್ಪಿಸಬಹುದು.